ಕ್ಯೂಆರ್ ಕೋಡ್ ಕಿತ್ತು ಹಾಕಿದ್ರೆ ಜಿಎಸ್‌ಟಿ ತಪ್ಪುತ್ತಾ? ಕಾಂಡಿಮೆಂಟ್ಸ್ ಅಂಗಡಿಯವರು ಏನ್ ಮಾಡ್ಬೇಕು?

ಹಾಸನದ ಹುಡುಗ | 19 ಜುಲೈ 2025
ನಮ್ಮ ಸೋದರಮಾವ ಬೆಂಗಳೂರಲ್ಲಿ, ವಿಜಯನಗರದ ಕಡೆ, ಕಾಂಡಿಮೆಂಟ್ಸ್ ಅಂಗಡಿ ಇಟ್ಕೊಂಡಿದ್ದಾರೆ. ಹಾಲು, ಮೊಸರು, ಬ್ರೆಡ್ಡು, ಬಿಸ್ಕತ್ತು, ಸಿಗರೇಟು, ಬಾಳೆಹಣ್ಣು, ಜೊತೆಗೆ ಒಂದು ಮೂಲೇಲಿ ಟೀ ಕಾಫಿ. ಬೆಳಿಗ್ಗೆ ಐದಕ್ಕೆ ಶಟರ್ ಎತ್ತಿದ್ರೆ ಮುಚ್ಚೋದು ರಾತ್ರಿ ಹತ್ತೂವರೆಗೆ. ಯುಪಿಐನಲ್ಲಿ ಬಂದ ದುಡ್ಡು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಯವರಿಗೆ ಕಳಿಸ್ತಿರೋ ಜಿಎಸ್‌ಟಿ ನೋಟಿಸ್ ಅವರಿಗಿನ್ನೂ ಬಂದಿಲ್ಲ. ಆದ್ರೆ ಅದೇ ರಸ್ತೇಲಿರೋ ಬೇಕರಿಯವರಿಗೆ ಬಂದಿದೆ, 2021-22ರಿಂದ ಲೆಕ್ಕ ಹಾಕಿ ಲಕ್ಷಗಟ್ಟಲೆ ಕಟ್ಟಿ ಅಂತ. ಅದನ್ನ ಓದಿಸಿಕೊಂಡ ದಿನಾನೇ ಮಾವ ಕ್ಯೂಆರ್ ಸ್ಟಿಕ್ಕರನ್ನ ಚಾಕೂಲಿ ಕೆರೆದು ತೆಗೆದ್ರು, ಸೌಂಡ್ ಬಾಕ್ಸನ್ನ ಗಲ್ಲಾಪೆಟ್ಟಿಗೆ ಕೆಳಗೆ ತಳ್ಳಿದ್ರು, ಸಿಗರೇಟ್ ರಟ್ಟಿನ ಹಿಂದೆ ‘ನೋ ಯುಪಿಐ, ಓನ್ಲಿ ಕ್ಯಾಶ್’ ಅಂತ ಬರೆದು ನೇತು ಹಾಕಿದ್ರು.

ಕ್ಯಾಶ್ ತಗೊಂಡ್ರೆ ನಿಜವಾಗ್ಲೂ ಬಚಾವಾ? ಹಾಲಿಗೆ ಟ್ಯಾಕ್ಸ್ ಇಲ್ಲ ಅಂತಾರೆ, ಹಾಗಾದ್ರೆ ಹಾಲು ಮಾರಿದ ದುಡ್ಡೂ ಲೆಕ್ಕಕ್ಕೆ ಬರುತ್ತಾ? ಈಗ ನಾವಾಗೇ ಹೋಗಿ ನೋಂದಣಿ ಮಾಡಿಸಿದ್ರೆ ಹಳೇದನ್ನೆಲ್ಲ ಕೆದಕ್ತಾರಾ? ಗೊತ್ತಿರೋರು ಹೇಳಿ. ರಾಜಕೀಯ ಬೇಡ ದಯವಿಟ್ಟು.

ಮಂಡ್ಯದ ಐಕ್ಳು
ರಾಜಕೀಯ ಬೇಡ ಅಂದ್ರಲ್ಲ, ಈಗ ಬಂದೇ ಬತ್ತದೆ ನೋಡ್ತಿರಿ. ನಮ್ ರೋಡಲ್ಲೂ ಅದೇ ಬೋರ್ಡು ಕಣಣ್ಣ. ಟೀಗೆ ಐನೂರರ ನೋಟ್ ಕೊಟ್ರೆ ಮಖ ಮಖ ನೋಡ್ತಾರೆ, ಚಿಲ್ಲರೆಗೆ ಬದ್ಲು ಚಾಕ್ಲೇಟು ಕೈಗಾಕ್ತಾರೆ.

ಖಾತೆ ಕಿರ್ದಿ
ನಾನು ಟ್ಯಾಕ್ಸ್ ಪ್ರಾಕ್ಟೀಷನರ್ ಹತ್ರ ಕೆಲಸ ಮಾಡೋನು. ಈ ವಾರ ಪೂರ್ತಿ ಇದೇ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಜಿಎಸ್‌ಟಿ ಕಾನೂನು ನೋಡೋದು ವಹಿವಾಟು ಎಷ್ಟು ಅಂತ. ದುಡ್ಡು ಫೋನಲ್ಲಿ ಬಂತೋ ಕೈಗೆ ಬಂತೋ ಅದಕ್ಕೆ ಬೇಕಿಲ್ಲ. ಬರೀ ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೂ ತಂಬಾಕು, ಪಾನ್ ಮಸಾಲ, ಐಸ್‌ಕ್ರೀಂ ಮಾರೋರಿಗೂ 20 ಲಕ್ಷ. ಅದು ದಾಟಿದ್ರೆ ನೋಂದಣಿ ಆಗ್ಲೇಬೇಕು. ಯುಪಿಐ ಬಂದಿದ್ರಿಂದ ಇಲಾಖೆ ಕಣ್ಣಿಗೆ ಬಿತ್ತು ಅಷ್ಟೇ. ಇವತ್ತು ಸ್ಟಿಕ್ಕರ್ ಕೆರೆದ್ರೆ ಕಳೆದ ನಾಲ್ಕು ವರ್ಷದ ಡೇಟಾ ಅಳಿಸಿ ಹೋಗಲ್ಲ. ಉಲ್ಟಾ, ಜೂನ್‌ವರೆಗೆ ದಿನಾ ಬರ್ತಿದ್ದ ದುಡ್ಡು ಜುಲೈಯಲ್ಲಿ ದಿಢೀರ್ ಅಂತ ನಿಂತ್ರೆ ಅದೇ ಅನುಮಾನಕ್ಕೆ ದಾರಿ.

ಈಗ ಹಾಲಿನ ವಿಷಯ. ಹಾಲು, ತರಕಾರಿ, ಹಣ್ಣು ಇಂಥ ವಿನಾಯಿತಿ ಇರೋ ಪದಾರ್ಥ ಮಾತ್ರ ಮಾರೋರು ಕೋಟಿ ವ್ಯಾಪಾರ ಮಾಡಿದ್ರೂ ನೋಂದಣಿ ಬೇಡ. ಆದ್ರೆ ಹಾಲಿನ ಜೊತೆ ಬಿಸ್ಕತ್ತು, ಸಿಗರೇಟೂ ಮಾರಿದ್ರೆ ಕಥೆ ಬೇರೆ. ಆಗ ಮಿತಿ ದಾಟಿದ್ರಾ ಅಂತ ನೋಡೋವಾಗ ಹಾಲಿನ ದುಡ್ಡನ್ನೂ ಸೇರಿಸ್ತಾರೆ. ಟ್ಯಾಕ್ಸ್ ಹಾಕೋವಾಗ ಹಾಲನ್ನ ಬಿಡ್ತಾರೆ. ಸುಮಾರು ಜನ ಎಡವೋದು ಇಲ್ಲೇ.

ಇನ್ನು ನಿಮ್ಮ ಮಾವನ ಟೀ ಮೂಲೆ. ಟೀ ಕಾಫಿ ಮಾಡಿ ಕೊಡೋದು ಸೇವೆ ಲೆಕ್ಕಕ್ಕೆ ಹೋಗುತ್ತೆ. 40 ಲಕ್ಷದ ಮಿತಿ ಬರೀ ಸರಕು ಮಾರೋರಿಗೆ ಮಾತ್ರ, ಅದೂ ಸಿಗರೇಟು ಮಾರೋರಿಗೆ ಇಲ್ಲ. ಹಾಗಾಗಿ ಅವರಿಗೆ 20 ಲಕ್ಷ ಅಂತಲೇ ಇಟ್ಕೊಂಡು ಯೋಚನೆ ಮಾಡಿ.

ಹಾಸನದ ಹುಡುಗ
20 ಲಕ್ಷ ಅಂದ್ರೆ ದಿನಕ್ಕೆ 5,500 ರೂಪಾಯಿ ಕೂಡ ಆಗಲ್ಲ ಸಾರ್! ಬೆಳಿಗ್ಗೆ ಹಾಲಿನ ಕ್ರೇಟ್ ಖಾಲಿ ಆಗೋಷ್ಟರಲ್ಲೇ ಅಷ್ಟಾಗುತ್ತೆ. ಅದ್ರಲ್ಲಿ ಉಳಿಯೋದು ಪ್ಯಾಕೆಟ್‌ಗೆ ಚಿಲ್ಲರೆ ಕಾಸು.

ಖಾತೆ ಕಿರ್ದಿ
ಗೊತ್ತು. ಕಾನೂನು ಲಾಭ ನೋಡಲ್ಲ, ವಹಿವಾಟು ನೋಡುತ್ತೆ. ಲಾಭ ಕಮ್ಮಿ ಇದ್ದು ದುಡ್ಡು ಜಾಸ್ತಿ ಓಡಾಡೋ ಹಾಲು, ಸಿಗರೇಟು ವ್ಯಾಪಾರದವರಿಗೆ ಇದು ಅನ್ಯಾಯವೇ. 40 ಲಕ್ಷದ ಮಿತಿ ಬಂದಿದ್ದು 2019ರ ಏಪ್ರಿಲ್‌ನಲ್ಲಿ. ಆಗಿನ ಹಾಲಿನ ರೇಟೆಷ್ಟು, ಈಗೆಷ್ಟು ನೋಡಿ. ಅದೇ ಅಂಗಡಿ, ಅದೇ ಗಿರಾಕಿ, ರೇಟು ಏರಿದ್ದಕ್ಕೇ ಮಿತಿ ದಾಟಿದವರಿದ್ದಾರೆ.

ಸಂಬಳದವನು
ಸ್ವಲ್ಪ ಕಹಿ ಮಾತು ಹೇಳ್ತೀನಿ, ಬೈಬೇಡಿ. ನನ್ನ ಸಂಬಳ ಕೈಗೆ ಬರೋ ಮುಂಚೆ ಟಿಡಿಎಸ್ ಹೋಗುತ್ತೆ. ಉಳಿದಿದ್ದರಲ್ಲಿ ಸೋಪು ತಗೊಂಡ್ರೂ ಜಿಎಸ್‌ಟಿ. ವರ್ಷಕ್ಕೆ ಅರವತ್ತು ಎಪ್ಪತ್ತು ಲಕ್ಷ ವ್ಯಾಪಾರ ಮಾಡೋರು ‘ಸಣ್ಣ ವ್ಯಾಪಾರಿ’ ಅಂದ್ರೆ ನಾನ್ಯಾರು? ನಮ್ಮ ಏರಿಯಾದ ಚಾಟ್ಸ್ ಅಂಗಡಿಯವನು ಎರಡು ಸೈಟ್ ಮಾಡಿದ್ದಾನೆ. ನಾನು ಹದಿನೈದು ವರ್ಷದಿಂದ ಬಾಡಿಗೆ ಮನೆ.

ಗಾಂಧಿ ಬಜಾರ್ ರೌಂಡ್ಸ್
@ಸಂಬಳದವನು ವಹಿವಾಟನ್ನೂ ಆದಾಯವನ್ನೂ ಒಂದೇ ತಕ್ಕಡಿಗೆ ಹಾಕ್ಬೇಡಿ ಸ್ವಾಮಿ. 60 ಲಕ್ಷದ ಸಿಗರೇಟು ಮಾರಿದವನಿಗೆ 60 ಲಕ್ಷ ಉಳಿಯಲ್ಲ.

ನನ್ನ ಸಿಟ್ಟು ಬೇರೆ ಕಡೆ ಇದೆ. ಬೀದಿ ವ್ಯಾಪಾರಿಗಳ ಕೈಗೆ ಕ್ಯೂಆರ್ ಕೊಟ್ಟವರು ಯಾರು? 2020ರಲ್ಲಿ ಸ್ವನಿಧಿ ಯೋಜನೆ ತಂದು 10,000 ಸಾಲ ಕೊಟ್ರು, ಡಿಜಿಟಲ್‌ನಲ್ಲಿ ದುಡ್ಡು ತಗೊಂಡ್ರೆ ವರ್ಷಕ್ಕೆ 1,200 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಅಂದ್ರು. ಅದೇ ವರ್ಷದ ಜನವರಿಯಿಂದ ಯುಪಿಐಗೆ ವ್ಯಾಪಾರಿ ಶುಲ್ಕವೂ ಸೊನ್ನೆ. ಎಲ್ಲರೂ ತಗೊಂಡ್ರು. ಇಷ್ಟು ವರ್ಷದಲ್ಲಿ ಒಬ್ಬ ಅಧಿಕಾರಿ ಆದ್ರೂ ಅಂಗಡಿಗೆ ಬಂದು, ‘ನೋಡಪ್ಪಾ, ಈ ವರ್ಷ ಮಿತಿ ದಾಟ್ತಾ ಇದ್ದೀಯ, ನೋಂದಣಿ ಮಾಡಿಸ್ಕೋ’ ಅಂದ್ನಾ? ಇಲ್ಲ. ನಾಲ್ಕು ವರ್ಷ ಸುಮ್ನೆ ಕೂತು, ಒಟ್ಟಿಗೆ ಕೂಡಿಸಿ, ನೋಟಿಸ್ ಕಳಿಸಿದ್ರು. ಈಗ ‘ಜಿಎಸ್‌ಟಿ ತಿಳಿಯಿರಿ’ ಅಂತ ಅಭಿಯಾನ ಮಾಡ್ತಾರಂತೆ. ಮೊದಲು ತಿಳಿಸಿ ಆಮೇಲೆ ನೋಟಿಸ್ ಕೊಡೋದಲ್ವಾ ಕ್ರಮ?

ಸಂಬಳದವನು
ಕಾನೂನು ಗೊತ್ತಿರ್ಲಿಲ್ಲ ಅನ್ನೋದು ನೆಪ ಆಗಲ್ಲ. ಟ್ರಾಫಿಕ್ ಪೊಲೀಸರ ಹತ್ರ ಹೇಳಿ ನೋಡಿ.

ಗಾಂಧಿ ಬಜಾರ್ ರೌಂಡ್ಸ್
ಸಿಗ್ನಲ್ ಕೆಂಪು ಅಂತ ದೀಪ ಹಾಕಿರ್ತಾರಲ್ಲ ಅಲ್ಲಿ, ಕಾಣುತ್ತಲ್ಲ!

ಹುಬ್ಬಳ್ಳಿ ಮಂದಿ
ಅಲ್ರೀ, ನಮ್ಮ ಹಾವೇರ್ಯಾಗ ಆದದ್ದ ನೋಡ್ರಿ. ತರಕಾರಿ ಮಾರಾವ್ಗ 29 ಲಕ್ಷದ ನೋಟಿಸ್. ನಾಕ್ ವರ್ಷದಾಗ 1.63 ಕೋಟಿ ಯುಪಿಐಲೆ ಬಂದೈತಂತ. ರೈತರ ಕಡೆಯಿಂದ ತರೂದು, ಮಾರೂದು, ಅದಕ್ಕ ಟ್ಯಾಕ್ಸ್ ಎಲ್ಲೈತ್ರಿ? ಬದ್ನಿಕಾಯಿ ಮಾರಿ 29 ಲಕ್ಷ ಕಟ್ಟೂದಾದ್ರ ಅಂವ ಯಾಕ ಬದ್ನಿಕಾಯಿ ಮಾರ್ತಾನ?

ಖಾತೆ ಕಿರ್ದಿ
@ಹುಬ್ಬಳ್ಳಿ ಮಂದಿ 1.63 ಕೋಟಿಗೆ 18% ಹಾಕಿ ನೋಡಿ. 29.34 ಲಕ್ಷ ಬರುತ್ತೆ. ಅಂದ್ರೆ ಬಂದ ದುಡ್ಡನ್ನೆಲ್ಲ ತೆರಿಗೆ ಬೀಳೋ ಮಾಲು ಅಂತ ಹಿಡಿದು ಹಾಕಿದ ಹಾಗೆ ಕಾಣುತ್ತೆ. ಯುಪಿಐ ಪಟ್ಟಿಯಲ್ಲಿ ಎಷ್ಟು ದುಡ್ಡು ಬಂತು ಅಂತ ಇರುತ್ತೆ, ಯಾಕೆ ಬಂತು ಅಂತ ಇರಲ್ಲ. ನೋಟಿಸ್ ಬಂದ ತಕ್ಷಣ ಕಟ್ಟಬೇಕು ಅಂತಿಲ್ಲ, ಮೊದಲು ಉತ್ತರ ಕೊಡಬೇಕು. ಬರೀ ತರಕಾರಿ ಅಂತ ತೋರಿಸಿದ್ರೆ ಅದು ಬಿದ್ದು ಹೋಗಬೇಕಾದ ಕೇಸು.

ಹುಬ್ಬಳ್ಳಿ ಮಂದಿ
ತೋರಸೂದು ಹ್ಯಾಂಗ್ರಿ? ರೈತ ಏನ್ ಬಿಲ್ ಹರದ ಕೊಡ್ತಾನನ್ರಿ? ಸಂತ್ಯಾಗ ಚೀಟಿ ಮ್ಯಾಲ ಬರದದ್ದ ಸಂಜಿಗೇ ಹರದ ಒಗೀತಾರ.

ನಂಜನಗೂಡು ಸುಮ
ನಮ್ಮಮ್ಮ ಹೂವಿನ ಅಂಗಡಿ ಇಟ್ಟಿದ್ದಾರೆ. ಅವರ ಒಂದೇ ನಂಬರಿಗೆ ಹೂವಿನ ದುಡ್ಡೂ ಬರುತ್ತೆ, ಚೀಟಿ ದುಡ್ಡೂ ಬರುತ್ತೆ, ಪ್ರತಿ ತಿಂಗಳು ನಾನು ಕಳಿಸೋದೂ ಅದಕ್ಕೇ, ಪಕ್ಕದ ಮನೆಯವರು ಸಾಲ ತೀರಿಸೋದೂ ಅದಕ್ಕೇ. ಹಬ್ಬದ ಸೀಸನ್‌ನಲ್ಲಿ ಪಕ್ಕದ ಅಂಗಡಿಯವರ ನೆಟ್ ಹೋದ್ರೆ ‘ಅಕ್ಕಾ, ನಿಮ್ದಕ್ಕೆ ಹಾಕಿಸ್ಕೊಳ್ಳಿ, ಆಮೇಲೆ ಕೊಡಿ’ ಅಂತ ಅವರದ್ದೂ ಇದಕ್ಕೇ. ಯಾವುದು ವ್ಯಾಪಾರ, ಯಾವುದು ಅಲ್ಲ ಅಂತ ನಾಲ್ಕು ವರ್ಷ ಆದ್ಮೇಲೆ ಯಾರಿಗೆ ನೆನಪಿರುತ್ತೆ? ಈಗ ಇನ್ನೊಂದು ಬ್ಯಾಂಕ್ ಖಾತೆ ಮಾಡಿಸಿದ್ದೀನಿ, ಅಂಗಡಿಗೆ ಒಂದು, ಮನೆಗೆ ಒಂದು. ಅಮ್ಮ ಎರಡು ಫೋನ್ ಹಿಡ್ಕೊಂಡು ಬೈತಾ ಇದ್ದಾರೆ.

ಶಿವಾಜಿನಗರ್ ಸಲೀಂ
ನನ್ನ ಫ್ರೆಂಡ್ ಹೇಳಿದ, ಸಿಗರೇಟ್ ಮಾರೋ ಅಂಗಡಿಗೆ ಕಾಂಪೊಸಿಷನ್ (ಕಮ್ಮಿ ರೇಟಿನ ಟ್ಯಾಕ್ಸ್) ಕೊಡಲ್ವಂತೆ. ಫುಲ್ ಟ್ಯಾಕ್ಸೇ ಕಟ್ಬೇಕಂತೆ. ಹಾಗಾದ್ರೆ ಪಾನ್ ಶಾಪ್‌ನವರೆಲ್ಲ ಬೀಗ ಹಾಕ್ಬೇಕು.

ಖಾತೆ ಕಿರ್ದಿ
ತಪ್ಪು. ಐಸ್‌ಕ್ರೀಂ, ಪಾನ್ ಮಸಾಲ, ತಂಬಾಕು *ತಯಾರಿಸೋರಿಗೆ* ಕಾಂಪೊಸಿಷನ್ ಇಲ್ಲ. ತಂದು ಮಾರೋರಿಗೆ ಇದೆ.

ಎಲ್ಲರೂ ಇನ್‌ಬಾಕ್ಸ್‌ಗೆ ಬಂದು ಕೇಳ್ತಿದ್ದೀರಿ, ಇಲ್ಲೇ ಹೇಳಿಬಿಡ್ತೀನಿ. ಕಾಂಪೊಸಿಷನ್ ಅಂದ್ರೆ ರಾಜಿ ತೆರಿಗೆ. ವರ್ಷಕ್ಕೆ 1.5 ಕೋಟಿವರೆಗೆ ವ್ಯಾಪಾರ ಇರೋರು ತಗೋಬಹುದು. ತಂದು ಮಾರೋರಿಗೆ 1%, ಅದೂ ತೆರಿಗೆ ಬೀಳೋ ಮಾಲಿನ ಮೇಲೆ ಮಾತ್ರ, ಹಾಲಿನ ಮೇಲಲ್ಲ. ಬೇಕರಿ ಥರ ತಾವೇ ತಯಾರಿಸೋರಿಗೂ 1%, ಆದ್ರೆ ಅವರಿಗೆ ಒಟ್ಟು ವಹಿವಾಟಿನ ಮೇಲೆ. ಹೋಟೆಲಿಗೆ 5%. ಮೂರು ತಿಂಗಳಿಗೊಮ್ಮೆ ಕಟ್ಟೋದು, ವರ್ಷಕ್ಕೊಂದು ರಿಟರ್ನ್. ಉದಾಹರಣೆಗೆ ಟೀ ಇಲ್ಲದ ಒಂದು ಅಂಗಡಿ, 60 ಲಕ್ಷ ವ್ಯಾಪಾರ, ಅದ್ರಲ್ಲಿ 30 ಲಕ್ಷ ಹಾಲು ಅಂದ್ಕೊಳ್ಳಿ. ಉಳಿದ 30 ಲಕ್ಷಕ್ಕೆ 1%, ವರ್ಷಕ್ಕೆ 30,000. ಇದನ್ನ ಗಿರಾಕಿ ಹತ್ರ ಟ್ಯಾಕ್ಸ್ ಅಂತ ಬೇರೆ ಹಾಕಿ ವಸೂಲಿ ಮಾಡೋ ಹಾಗಿಲ್ಲ, ಕೈಯಿಂದಲೇ ಕೊಡಬೇಕು.

ಆದ್ರೆ ನೋಂದಣಿನೇ ಇಲ್ಲದೆ ಕೂತಿದ್ದವರಿಗೆ ಹಳೇ ವರ್ಷಗಳಿಗೆ ಈ 1% ಸಿಗಲ್ಲ. ಪೂರಾ ರೇಟು ಬೀಳುತ್ತೆ. ನೋಟಿಸ್‌ನಲ್ಲಿ ಅಷ್ಟು ದೊಡ್ಡ ಮೊತ್ತ ಬಂದಿರೋದು ಅದಕ್ಕೇ.

ಗಾಂಧಿ ಬಜಾರ್ ರೌಂಡ್ಸ್
ನೋಡಿ, ಇದನ್ನೇ ನಾನು ಹೇಳಿದ್ದು. ಮುಂಚೆ ಹೇಳಿದ್ರೆ 1%. ಹೇಳದೆ ಕಾದು ಹಿಡಿದ್ರೆ 18%. ಸುಮ್ನೆ ಕಾದವರಿಗೇ ಲಾಭ.

ವಿಧಾನಸೌಧದ ಮುಂದೆ
ನೋಟಿಸ್ ಕೊಟ್ಟಿದ್ದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ, ಕೇಂದ್ರ ಅಲ್ಲ. ಪ್ರಹ್ಲಾದ್ ಜೋಶಿಯವರೇ ಹೇಳಿದ್ದಾರೆ. ಗ್ಯಾರಂಟಿಗೆ ದುಡ್ಡು ಬೇಕಲ್ಲ.

ಕೆ.ಆರ್. ಸರ್ಕಲ್
ಜಿಎಸ್‌ಟಿ ತಂದವರು ಯಾರು ಸ್ವಾಮಿ? ಮಿತಿ ನಿರ್ಧಾರ ಮಾಡೋದು ಜಿಎಸ್‌ಟಿ ಕೌನ್ಸಿಲ್. ವಸೂಲಾದ್ರಲ್ಲಿ ಅರ್ಧ ಕೇಂದ್ರಕ್ಕೇ ಹೋಗುತ್ತೆ.

ವಿಧಾನಸೌಧದ ಮುಂದೆ
ಕೌನ್ಸಿಲ್‌ನಲ್ಲಿ ನಿಮ್ಮ ಮಂತ್ರಿಗಳೂ ಕೂತಿರ್ತಾರೆ. ಬೇರೆ ರಾಜ್ಯದಲ್ಲಿ ಯಾಕೆ ಈ ಗಲಾಟೆ ಇಲ್ಲ?

ಮಂಡ್ಯದ ಐಕ್ಳು
ಬತ್ತದೆ ಅಂದಿದ್ನಲ್ಲ 😂

ನಿರ್ವಾಹಕ
ಪಕ್ಷದ ಜಗಳ ಇಲ್ಲಿಗೆ ನಿಲ್ಲಿಸಿ. ನಾಲ್ಕು ಪೋಸ್ಟ್ ತೆಗೆದಿದ್ದೇನೆ. ಇನ್ನು ಮುಂದುವರಿಸಿದರೆ ವಿಷಯಕ್ಕೇ ಬೀಗ.

ಕುಂದಾಪುರದವ
ನಮ್ಮದು ದೊಡ್ಡಪ್ಪನ ಕಾಲದಿಂದ ಬೇಕರಿ. ಜಿಎಸ್‌ಟಿ ನಾವು 2017ರಲ್ಲೇ ಮಾಡಿಸಿದ್ದು, ಅದರ ಬಗ್ಗೆ ನನಗೆ ಎಂತದೂ ತಕರಾರಿಲ್ಲ ಮಾರಾಯ್ರೆ. ಕಷ್ಟ ಇರುವುದು ಜಿಎಸ್‌ಟಿ ಒಂದೇ ಅಲ್ಲ ಅನ್ನುವುದರಲ್ಲಿ. ಟ್ರೇಡ್ ಲೈಸೆನ್ಸ್ ಪಾಲಿಕೆಯಲ್ಲಿ. ಅಂಗಡಿ ನೋಂದಣಿ ಕಾರ್ಮಿಕ ಇಲಾಖೆಯಲ್ಲಿ, ಅದು 1961ರ ಕಾಯ್ದೆ. ಆಹಾರದ ಲೈಸೆನ್ಸ್ ಎಫ್‌ಎಸ್‌ಎಸ್‌ಎಐಯದ್ದು. ಅಲ್ಲಿ ಮಿತಿ ಮತ್ತೆ ಬೇರೆ, ಅದರ ಒಳಗೆ ಇದ್ದರೆ ನೋಂದಣಿ ಸಾಕು, ಮೇಲೆ ಹೋದರೆ ಲೈಸೆನ್ಸೇ ಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷ ವರ್ಷ ಮುದ್ರೆ ಹಾಕಿಸಬೇಕು. ಬೋರ್ಡಿನಲ್ಲಿ ಕನ್ನಡ ಶೇ 60, ಅದೂ ಮೇಲಿನ ಅರ್ಧದಲ್ಲಿ. ಇದೊಂದನ್ನು ಮಾತ್ರ ನಾವು ಖುಷಿಯಿಂದ ಮಾಡಿದ್ದು.

ಒಂದೊಂದೂ ನ್ಯಾಯವೇ. ಬನ್ನಿನಲ್ಲಿ ಎಂತ ಹಾಕಿದ್ದಾರೆ ಅಂತ ಯಾರಾದರೂ ನೋಡಬೇಕು, ತಕ್ಕಡಿ ಸರಿ ಇರಬೇಕು. ಆದರೆ ಒಂದು ಇಲಾಖೆಗೆ ಕೊಟ್ಟ ಕಾಗದ ಇನ್ನೊಂದಕ್ಕೆ ಗೊತ್ತೇ ಇಲ್ಲ. ಅದೇ ಬಾಡಿಗೆ ಕರಾರು, ಅದೇ ಆಧಾರ್, ಅದೇ ಅಂಗಡಿ ಮುಂದಿನ ಫೋಟೋ, ಪ್ರತಿಯೊಬ್ಬರಿಗೂ ಹೊಸದಾಗಿ. ತಕ್ಕಡಿ ಮುದ್ರೆಗೆ ಒಬ್ಬ ಏಜೆಂಟ್ ಬರ್ತಾನೆ. ಸರ್ಕಾರಿ ಶುಲ್ಕ ಎಷ್ಟು ಅಂತ ಅವನ ಬಾಯಿಂದ ಇವತ್ತಿಗೂ ಬಂದಿಲ್ಲ. ‘ಎಲ್ಲ ಸೇರಿ ಇಷ್ಟು’ ಅಂತಾನೆ. ಆ ‘ಎಲ್ಲ’ದಲ್ಲಿ ಯಾರ್ಯಾರು ಇದ್ದಾರೋ.

ಶಿವಾಜಿನಗರ್ ಸಲೀಂ
ಅಣ್ಣ, ಬನ್ ಬಿಡಿ, ಗೋಬಿ ಕಥೆ ಏನಾಯ್ತು? ಕಲರ್ ಬ್ಯಾನ್ ಮಾಡಿದ್ರಲ್ಲ, ಈಗ ಮತ್ತೆ ಕೆಂಪಗೇ ಇದೆ ನಮ್ಮ ಕಡೆ.

ಅಡುಗೆ ಭಟ್ಟ
2024ರ ಮಾರ್ಚ್‌ನಲ್ಲಿ ಬ್ಯಾನ್ ಆಗಿದ್ದು. ಗೋಬಿ ಮಂಚೂರಿಯ 171 ಸ್ಯಾಂಪಲ್ ತೆಗೆದು ನೋಡಿದ್ರೆ 107ರಲ್ಲಿ ಬೇಡದ ಬಣ್ಣ ಇತ್ತು. ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ, ಬಟ್ಟೆಗೆ ಹಾಕೋ ಬಣ್ಣ ರೀ ಅದು! ಜೂನ್‌ನಲ್ಲಿ ಕಬಾಬಿಗೂ ಬಂತು. ಎರಡು ತಿಂಗಳು ಎಲ್ಲರೂ ಬಿಳಿ ಗೋಬಿ ಮಾಡಿದ್ರು, ಜನ ‘ಇದೇನು ಪಥ್ಯದ ಊಟಾನಾ’ ಅಂದ್ರು, ವಾಪಸ್ ಕೆಂಪು. ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ ಹಾಕಿದ್ರೆ ಚೆನ್ನಾಗೇ ಬಣ್ಣ ಬರುತ್ತೆ. ಆದ್ರೆ ಅದರ ಖರ್ಚು ಯಾರು ಕೊಡ್ತಾರೆ?

ಸಂಬಳದವನು
ನೋಡಿ, ಇದಕ್ಕೇ ನಾನು ಹೇಳೋದು. ಕಾನೂನು ಕಣ್ಣು ಮುಚ್ಚಿದ್ರೆ ಏನಾಗುತ್ತೆ ಅಂತ. ಗೋಬಿಗೆ ಇನ್‌ಸ್ಪೆಕ್ಟರ್ ಬೇಕು, ಟ್ಯಾಕ್ಸ್‌ಗೆ ಮಾತ್ರ ಬೇಡ್ವಾ?

ಕುಂದಾಪುರದವ
ಬೇಡ ಅಂತ ಯಾರು ಹೇಳಿದ್ದು? ಬರ್ಲಿ. ಬಂದವರು ಬನ್ನು ಕಟ್ಟಿಸಿಕೊಂಡು ಹೋಗದಿದ್ದರೆ ಆಯ್ತು.

ಸಕಾಲ ಸುಬ್ಬಣ್ಣ
ಟ್ರೇಡ್ ಲೈಸೆನ್ಸ್‌ಗೆ ಅಲೆಸಿದ್ರೆ ‘ಸಕಾಲ’ದಲ್ಲಿ (ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕು ಅನ್ನೋ ವ್ಯವಸ್ಥೆ) ಅರ್ಜಿ ಹಾಕಿ. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅರ್ಜಿ ಕೊಟ್ಟ ತಕ್ಷಣ ಜಿಎಸ್‌ಸಿ ನಂಬರ್ (ಅರ್ಜಿಯ ಗುರುತಿನ ಸಂಖ್ಯೆ) ಕೇಳಿ ತಗೊಳ್ಳಿ. ಗಡುವು ಮೀರಿದ್ರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500, ತಪ್ಪು ಮಾಡಿದ ನೌಕರನ ಸಂಬಳದಿಂದ. ಜನ ಕೇಳೋದೇ ಇಲ್ಲ.

ನಂಜನಗೂಡು ಸುಮ
ಕೇಳಿದ್ದೀನಿ ಸರ್. ಒಂದು ಕಚೇರಿಯಲ್ಲಿ (ಹೆಸರು ಬೇಡ) ಗಡುವಿನ ಕೊನೇ ದಿನ ‘ದಾಖಲೆ ಸಾಲದು’ ಅಂತ ತಿರಸ್ಕಾರ. ಲೆಕ್ಕದಲ್ಲಿ ಅದು ಸಕಾಲದಲ್ಲಿ ವಿಲೇವಾರಿ ಆದ ಹಾಗೆ. ಮತ್ತೆ ಹೊಸ ಅರ್ಜಿ, ಹೊಸ ನಂಬರ್. 500 ರೂಪಾಯಿ ಯಾರಿಗೆ ಬೇಕಿತ್ತು, ಹೂವಿನಂಗಡಿಗೆ ಬೀಗ ಹಾಕಿ ಹೋಗಿ ನಿಲ್ಲೋ ದಿನಗಳದ್ದು ಯಾರು ಕೊಡ್ತಾರೆ?

ಸಕಾಲ ಸುಬ್ಬಣ್ಣ
ಮೇಲ್ಮನವಿಗೆ ಅವಕಾಶ ಇದೆ.

ನಂಜನಗೂಡು ಸುಮ
ಮೇಲ್ಮನವಿಗೂ ಅಂಗಡಿ ಮುಚ್ಚೇ ಹೋಗ್ಬೇಕು!

ಜಯನಗರ 4ನೇ ಬ್ಲಾಕ್
ಗಿರಾಕಿಗಳ ಪರವಾಗಿ ಒಂದು. ನಾನು ತಿಂಡಿಗೆ ಹೋಗೋ ಒಂದು ಹೋಟೆಲ್‌ನಲ್ಲಿ ಬಿಲ್ ಮೇಲೆ 5% ಜಿಎಸ್‌ಟಿ ಅಂತ ಹಾಕ್ತಾರೆ. ಬಿಲ್‌ನಲ್ಲಿದ್ದ ನಂಬರನ್ನ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿದ್ರೆ ಕಾಂಪೊಸಿಷನ್ ಅಂತ ತೋರಿಸ್ತು. ಅಂದ್ರೆ ನಮ್ಮಿಂದ ತಗೊಳ್ಳೋ ಹಾಗೇ ಇಲ್ಲ. ಕ್ಯಾಷಿಯರ್‌ಗೆ ತೋರಿಸಿದೆ. ಸುಮ್ನೆ ಆ 5% ಕಳೆದು ಬೇರೆ ಬಿಲ್ ಕೊಟ್ಟ, ನನ್ನ ಹಿಂದೆ ನಿಂತಿದ್ದವರಿಗೆ ಹಾಕಿಯೇ ಕೊಟ್ಟ. ಪೋರ್ಟಲ್‌ಗೆ ಲಾಗಿನ್ ಬೇಡ, ಯಾರು ಬೇಕಾದ್ರೂ ನೋಡಬಹುದು. ನೋಡಿ.

ಸಂಬಳದವನು
ಇವರೂ ‘ಸಣ್ಣ ವ್ಯಾಪಾರಿ’ಗಳೇ ಅಲ್ವಾ 🙂

ಖಾತೆ ಕಿರ್ದಿ | 24 ಜುಲೈ
ನಿನ್ನೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಸಭೆ ಮಾಡಿದ್ರಲ್ಲ, ಅದರ ಸಾರ ಇಷ್ಟು. ಹಳೇ ಬಾಕಿ ವಸೂಲಿ ಮಾಡಲ್ಲ. ಹಾಲು, ತರಕಾರಿ, ಹಣ್ಣು, ಮಾಂಸ ಹೀಗೆ ವಿನಾಯಿತಿ ಪದಾರ್ಥದವರ ನೋಟಿಸ್ ಕೈಬಿಡ್ತಾರೆ. ಮಿತಿ ದಾಟಿದವರು ಮಾತ್ರ ಇನ್ನು ನೋಂದಣಿ ಆಗ್ಲೇಬೇಕು. ವ್ಯಾಪಾರಿಗಳು 25ಕ್ಕೆ ಕರೆದಿದ್ದ ಬಂದ್ ವಾಪಸ್. ನನ್ನ ಮಾತು ಇಷ್ಟೇ, ನೋಟಿಸ್ ಬಂದಿರೋರು ಟಿವಿಯಲ್ಲಿ ನೋಡಿದೆ ಅಂತ ಸುಮ್ನೆ ಕೂರಬೇಡಿ. ಭರವಸೆ ಬೇರೆ, ಫೈಲ್ ಮುಚ್ಚೋದು ಬೇರೆ. ಉತ್ತರ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ.

ಹುಬ್ಬಳ್ಳಿ ಮಂದಿ
ಮೊದಲ ನೋಟಿಸ್, ಆಮ್ಯಾಲ ಗದ್ದಲ, ಆಮ್ಯಾಲ ಮಾಫಿ. ಪ್ರಾಮಾಣಿಕವಾಗಿ 2019ರಿಂದ ಕಟ್ಟಿದಾಂವ ಹುಚ್ಚ ಆದ ನೋಡ್ರಿ. ಅಂವಗ ಏನ್ ಕೊಡ್ತಾರಂತ?

ಕುಂದಾಪುರದವ
ಅದನ್ನು ನಾನೇ ಕೇಳಬೇಕಿತ್ತು, ನೀವು ಕೇಳಿದ್ರಿ.

ಹಾಸನದ ಹುಡುಗ
@ಖಾತೆ ಕಿರ್ದಿ ತುಂಬಾ ಥ್ಯಾಂಕ್ಸ್ ಸಾರ್. ಮಾವನ ಜೊತೆ ಕೂತು ಬ್ಯಾಂಕ್ ಸ್ಟೇಟ್‌ಮೆಂಟ್, ಹಾಲಿನ ಏಜೆಂಟ್ ಬಿಲ್ಲು, ಸಿಗರೇಟ್ ಏಜೆನ್ಸಿ ಬಿಲ್ಲು ಎಲ್ಲ ಹರಡಿಕೊಂಡು ಲೆಕ್ಕ ಹಾಕಿದ್ವಿ. ಟೀ ಬಿಟ್ಟು ನೋಡಿದ್ರೆ 40ರ ಒಳಗೇ ಇದ್ದಾರೆ, ಟೀ ಸೇರಿಸಿದ್ರೂ 40 ದಾಟಲ್ಲ, ಆದ್ರೆ 20 ಯಾವತ್ತೋ ದಾಟಿದೆ. ಅಂದ್ರೆ ಟೀ, ಸಿಗರೇಟಿಂದ ಸಿಕ್ಕಿ ಹಾಕ್ಕೊಂಡ ಹಾಗೆ. ಟೀ ನಿಲ್ಲಿಸೋಣ ಅಂದ್ರೆ ಮಾವ ಒಪ್ತಿಲ್ಲ. ಉಳಿಯೋದೇ ಟೀಯಲ್ಲಿ, ಟೀಗೆ ಬಂದವರೇ ಸಿಗರೇಟು, ಬನ್ನು ತಗೊಳ್ಳೋದು. ಅತ್ತೆ ಹೆಸರಲ್ಲಿ ಟೀ ಕೌಂಟರ್ ಬೇರೆ ಮಾಡಿದ್ರೆ ನಡೆಯುತ್ತಾ?

ಶಿವಾಜಿನಗರ್ ಸಲೀಂ
ಎಲ್ಲರೂ ಅದನ್ನೇ ಮಾಡ್ತಾ ಇದ್ದಾರೆ ಬ್ರೋ. ಹೆಂಡ್ತಿ ಹೆಸರಲ್ಲಿ ಒಂದು ಕ್ಯೂಆರ್, ಮಗನ ಹೆಸರಲ್ಲಿ ಒಂದು.

ಖಾತೆ ಕಿರ್ದಿ
ಕ್ಯೂಆರ್ ಬೇರೆ ಮಾಡೋದು ಬೇರೆ, ವ್ಯಾಪಾರ ಬೇರೆ ಮಾಡೋದು ಬೇರೆ. ಅತ್ತೆ ನಿಜವಾಗ್ಲೂ ಟೀ ನಡೆಸ್ತಾರಾ? ಅವರದ್ದೇ ಪ್ಯಾನ್, ಅವರದ್ದೇ ಖಾತೆ, ಹಾಲು ಸಕ್ಕರೆ ಅವರೇ ಕೊಳ್ಳೋದು, ಮಾವನಿಗೆ ಜಾಗದ ಬಾಡಿಗೆ, ಟ್ರೇಡ್ ಲೈಸೆನ್ಸ್, ಆಹಾರ ನೋಂದಣಿ ಎಲ್ಲ ಅವರ ಹೆಸರಲ್ಲಿ, ಹಾಗಿದ್ರೆ ಅದು ಬೇರೆ ವ್ಯಾಪಾರ. ಆದ್ರೂ ಸಿಗರೇಟು ಮಾರೋವರೆಗೆ ಮಾವನಿಗೆ ಮಿತಿ 20 ಲಕ್ಷವೇ. ಬರೀ ಸ್ಟಿಕ್ಕರ್ ಮೇಲಷ್ಟೇ ಅತ್ತೆ ಹೆಸರಿದ್ದು, ಗಲ್ಲಾ ಒಂದೇ ಆಗಿದ್ರೆ ನಾಳೆ ಅಧಿಕಾರಿ ಎರಡನ್ನೂ ಕೂಡಿಸಿ ಬರೀತಾರೆ. ಆಗ ನಾನು ಬಂದು ವಾದ ಮಾಡಕ್ಕೆ ಆಗಲ್ಲ.

ಹಾಸನದ ಹುಡುಗ
ಟೀ ಮಾಡೋದು ಮೊದಲಿಂದಲೂ ಅತ್ತೆನೇ ಸಾರ್. ಮಾವನಿಗೆ ಹಾಲು ಕಾಯಿಸಕ್ಕೂ ಬರಲ್ಲ.

ಖಾತೆ ಕಿರ್ದಿ
ಹಾಗಾದ್ರೆ ಸೋಮವಾರ ಇಬ್ಬರನ್ನೂ ಕರ್ಕೊಂಡು ನಿಮ್ಮ ಏರಿಯಾದ ಯಾವುದಾದ್ರೂ ಒಳ್ಳೇ ಆಡಿಟರ್ ಹತ್ರ ಹೋಗಿ. ಇಬ್ಬರ ಆಧಾರ್, ಪ್ಯಾನ್, ಬಾಡಿಗೆ ಕರಾರು, ಕರೆಂಟ್ ಬಿಲ್ ತಗೊಂಡು ಹೋಗಿ. ಇಲ್ಲಿವರೆಗಿನ ಟೀ ವ್ಯಾಪಾರ ಮಾವನದ್ದೇ ಅಂತ ಲೆಕ್ಕಕ್ಕೆ ಬರುತ್ತೆ, ಅದನ್ನ ಮುಚ್ಚಿಡಬೇಡಿ. ಆ ಸೌಂಡ್ ಬಾಕ್ಸನ್ನೂ ಹೊರಗೆ ತೆಗೀರಿ, ತಿಂಗಳ ಬಾಡಿಗೆ ಸುಮ್ನೆ ಹೋಗ್ತಾ ಇರುತ್ತೆ.

ಮಂಡ್ಯದ ಐಕ್ಳು
ಅಂಗಾರೆ ಇನ್ಮೇಲೆ ಸಾಲ ಬರ್ಸಕ್ಕೂ ಎರಡು ಪುಸ್ತಕ ಆಯ್ತು. ಟೀಗೆ ಅತ್ತೆ ತಾವ, ಸಿಗರೇಟ್ಗೆ ಮಾವನ ತಾವ. ಅತ್ತೆ ಸಾಲ ಕೊಡ್ತಾರೋ ಇಲ್ವೋ ಅದ್ನ ಮೊದ್ಲು ಯೋಳಪ್ಪ.